ಕತ್ತೆ ನೋಡಲು ಹೋಗಿ ಉಪ್ಪು ತಂದದ್ದು

“ಕತ್ತೆ ನೋಡಲಿಕ್ಕೆ ಯಾರಾದರೂ ನೂರು ಕಿಲೋಮೀಟರ್ ಹೋಗ್ತಾರಾ ಭಾವ?”

ಕುಮಟಾದಿಂದ ಬಂದಿದ್ದ ನನ್ನ ಹೆಂಡತಿಯ ಅಣ್ಣ ಹೀಗೆ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. 2025ರ ಫೆಬ್ರವರಿಯ ಮಾತು. ಅವರಿಗೆ ಸಾಬರಮತಿ ಆಶ್ರಮ ತೋರಿಸಿಯಾಗಿತ್ತು, ಅಡಾಲಜದ ಮೆಟ್ಟಿಲು ಬಾವಿ ತೋರಿಸಿಯಾಗಿತ್ತು, ಮಾಣೆಕ್ ಚೌಕದಲ್ಲಿ ರಾತ್ರಿ ಹನ್ನೊಂದಕ್ಕೆ ನಿಂತು ತಿಂದದ್ದೂ ಆಗಿತ್ತು. ಇನ್ನು ಉಳಿದದ್ದು ಮಾಲ್‌ಗಳು ಮಾತ್ರ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತರಾದ ಮನುಷ್ಯನನ್ನು ಮಾಲಿಗೆ ಕರೆದುಕೊಂಡು ಹೋಗಿ ಏನು ಮಾಡುವುದು?

ಕೊನೆಗೆ ತೀರ್ಪು ಕೊಟ್ಟವಳು ನನ್ನ ಹೆಂಡತಿ. “ಇಪ್ಪತ್ತು ವರ್ಷದಿಂದ ಹೋಗೋಣ ಹೋಗೋಣ ಅಂತೀರಿ. ಅಣ್ಣನ ನೆಪದಲ್ಲಾದರೂ ಹೊರಡಿ.” ಅಂತೂ ನಾವು ಮೂವರು ಒಂದು ಶನಿವಾರ ನಸುಕಿಗೇ ಅಹಮದಾಬಾದ್ ಬಿಟ್ಟು ಕಛ್‌ನ ಚಿಕ್ಕ ರಣಕ್ಕೆ, ಅಲ್ಲಿಯ ಕಾಡುಕತ್ತೆಗಳನ್ನು ನೋಡಲು ಹೊರಟೆವು.

ಅವಳು ಹೇಳಿದ್ದು ಸುಳ್ಳಲ್ಲ. 1992ರಲ್ಲಿ ಬಿಕಾಂ ಮುಗಿಸಿ, ಬ್ಯಾಂಕ್ ಪರೀಕ್ಷೆ ಪಾಸಾಗಿ ಸೂರತ್ತಿಗೆ ಗುಮಾಸ್ತನಾಗಿ ಬಂದವನು ನಾನು. ಎರಡೇ ವರ್ಷದಲ್ಲಿ, 1994ರಲ್ಲಿ ಪ್ಲೇಗಿನ ಸುದ್ದಿಗೆ ಹೆದರಿ ಊರಿಗೆ ಊರೇ ರೈಲು ಹತ್ತಿದ್ದನ್ನು ಕಣ್ಣಾರೆ ಕಂಡೆ. ಆಮೇಲೆ ಬಡ್ತಿಯಾಗಿ ವಡೋದರಾ. 2001ರ ಭೂಕಂಪದ ಮರುವರ್ಷ ಅಹಮದಾಬಾದ್. ಮಕ್ಕಳು ಇಲ್ಲೇ ಓದಿದರು. ಕನಸಿನಲ್ಲಿ ಲೆಕ್ಕ ಹಾಕುವಾಗ ಈಗಲೂ ಕನ್ನಡ, ತರಕಾರಿಯವನ ಹತ್ತಿರ ಜಗಳಕ್ಕೆ ಗುಜರಾತಿ. ಇಷ್ಟೆಲ್ಲ ಆದರೂ ಮನೆಯಿಂದ ಎರಡೂವರೆ ತಾಸಿನ ದಾರಿಯಲ್ಲಿ ಜಗತ್ತಿನಲ್ಲಿ ಬೇರೆಲ್ಲೂ ಸಿಗದ ಪ್ರಾಣಿಯೊಂದಿದೆ ಎಂಬುದು ಪೇಪರಿನಲ್ಲಿ ಓದಿ ಗೊತ್ತಿತ್ತೇ ಹೊರತು ಕಾಲು ಎತ್ತಿರಲಿಲ್ಲ. ನಮ್ಮಂಥ ವಲಸೆಯವರ ಹಣೆಬರಹವೇ ಇಷ್ಟು ಅಂತ ಕಾಣುತ್ತದೆ. ರಜೆ ಸಿಕ್ಕರೆ ಊರಿಗೆ ಓಡುತ್ತೇವೆ, ಇರುವ ಜಾಗ ನೋಡದೇ ಉಳಿಯುತ್ತದೆ.

ಸಾಣಂದ್ ದಾಟಿ, ವಿರಮ್‌ಗಾಮ್ ದಾಟಿ, ದಸಾಡಾ ಕಡೆ ತಿರುಗಿದ ಮೇಲೆ ನೆಲದ ಬಣ್ಣ ಬದಲಾಗತೊಡಗಿತು. ಹತ್ತಿ, ಜೀರಿಗೆ, ಹರಳಿನ ಗದ್ದೆಗಳು ತೆಳುವಾಗುತ್ತ ಬಂದವು. ರಸ್ತೆಯ ಎರಡೂ ಬದಿ ಮುಳ್ಳು ಜಾಲಿ. ನಮ್ಮಲ್ಲಿ ಬಳ್ಳಾರಿ ಜಾಲಿ ಅನ್ನುತ್ತಾರಲ್ಲ, ಅದೇ. ಇಲ್ಲಿ ಅದಕ್ಕೆ ‘ಗಾಂಡೋ ಬಾವಳ್’, ಅಂದರೆ ಹುಚ್ಚು ಜಾಲಿ ಎಂದು ಹೆಸರು. ಮರುಭೂಮಿ ಹರಡದಿರಲಿ ಅಂತ ನೆಟ್ಟದ್ದಂತೆ. ಈಗ ಜಾಲಿಯೇ ಹರಡುತ್ತಿದೆ. ಅದರ ಕಾಯಿಯನ್ನು ಕಾಡುಕತ್ತೆಗಳು ತಿಂದು, ಬೀಜವನ್ನು ಹೋದಲ್ಲೆಲ್ಲ ಬಿತ್ತಿ ಬರುತ್ತವೆ ಎಂದು ಜೀಪಿನವನು ಹೇಳಿದ.

ಬಜಾಣಾದ ಅರಣ್ಯ ಇಲಾಖೆಯ ಗೇಟಿನಲ್ಲಿ ಗುರುತಿನ ಚೀಟಿ ತೋರಿಸಿ, ದುಡ್ಡು ಕಟ್ಟಿ, ಪರವಾನಗಿ ಮಾಡಿಸಿಕೊಂಡು ತೆರೆದ ಜೀಪು ಹತ್ತಿದೆವು. ಫೆಬ್ರವರಿಯ ಬೆಳಗಿನ ಚಳಿ ಕಿವಿ ಕೊರೆಯುತ್ತಿತ್ತು. ಭಾವ ಮಂಕಿಟೋಪಿ ಹಾಕಿ ಕೂತಿದ್ದರು.

ರಣ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ನಾನೂ ರಾಜಸ್ಥಾನದ ಹಾಗೆ ಮರಳು ದಿಬ್ಬ ಇರುತ್ತದೆ ಅಂದುಕೊಂಡಿದ್ದೆ. ದಿಬ್ಬವೂ ಇಲ್ಲ, ಮರಳೂ ಇಲ್ಲ. ಕಣ್ಣು ಹಾಯುವಷ್ಟು ದೂರ ಬಿರುಕು ಬಿಟ್ಟ ಚಪ್ಪಟೆ ಕೆಸರು ನೆಲ. ಒಂದು ಕಾಲದಲ್ಲಿ ಸಮುದ್ರದ ತೋಳಾಗಿದ್ದ ಜಾಗ ಅದು. ಮಳೆಗಾಲದಲ್ಲಿ ಬನಾಸ್, ರೂಪೇಣ್ ಮುಂತಾದ ನದಿಗಳ ನೀರು ಒಂದು ಕಡೆಯಿಂದ, ಕಛ್ ಕೊಲ್ಲಿಯ ಉಬ್ಬರದ ನೀರು ಇನ್ನೊಂದು ಕಡೆಯಿಂದ ಬಂದು ಇಡೀ ಪ್ರದೇಶ ಮೊಣಕಾಲುದ್ದದ ಕೆರೆಯಾಗುತ್ತದೆ. ಆಗ ಅಲ್ಲಿ ಸಿಗಡಿ ಹಿಡಿಯುತ್ತಾರೆ! ನಮ್ಮ ಕಡೆಯ ಶೆಟ್ಲಿ, ಮರುಭೂಮಿಯಲ್ಲಿ. ಭಾವ ಇದನ್ನು ನಂಬಲು ಸ್ವಲ್ಪ ಹೊತ್ತು ತೆಗೆದುಕೊಂಡರು. ನೀರು ಬತ್ತಿದ ಮೇಲೆ ಉಳಿಯುವುದು ಉಪ್ಪು ಹೀರಿದ ನೆಲ. ನಡುನಡುವೆ ಸ್ವಲ್ಪ ಎತ್ತರದ ಜಾಗಗಳಿವೆ, ಅವಕ್ಕೆ ‘ಬೇಟ್’ ಎನ್ನುತ್ತಾರೆ. ದ್ವೀಪ ಅಂತಲೇ ಅರ್ಥ. ಮಳೆಗಾಲದಲ್ಲಿ ಪ್ರಾಣಿಗಳೆಲ್ಲ ಆ ಬೇಟ್‌ಗಳ ಮೇಲೆ ಹೋಗಿ ನಿಲ್ಲುತ್ತವೆ. ಹುಲ್ಲು ಸಿಗುವುದೂ ಅಲ್ಲೇ.

ಜೀಪು ಅರ್ಧ ತಾಸು ಓಡಿರಬೇಕು. ಡ್ರೈವರು ಬ್ರೇಕ್ ಹಾಕಿ ಬೆರಳು ತೋರಿಸಿದ. “ಘುಡ್‌ಖರ್!”

ಮೊದಲು ಕಂಡದ್ದು ಬಿಸಿಲಿನಲ್ಲಿ ನಡುಗುವ ಕಂದು ಕಲೆಗಳು. ಹತ್ತಿರ ಹೋದಂತೆ ಅವಕ್ಕೆ ಕಾಲು ಮೂಡಿತು, ಕಿವಿ ಮೂಡಿತು. ಹನ್ನೊಂದು ಇದ್ದವು. ನಿಜ ಹೇಳುತ್ತೇನೆ, ಕತ್ತೆ ಅನ್ನಲು ಬಾಯಿ ಬರಲಿಲ್ಲ. ಬೆನ್ನು, ಮೈಯ ಪಕ್ಕ ತಿಳಿ ಕಂದು. ಹೊಟ್ಟೆ, ಕಾಲು ಹಾಲಿನ ಬಿಳಿ. ಕತ್ತಿನ ಮೇಲೆ ನೆಟ್ಟಗೆ ನಿಂತ ಕಪ್ಪುಗಂದು ಕೇಸರ, ಅಲ್ಲಿಂದ ಬೆನ್ನುದ್ದಕ್ಕೂ ಬಾಲದವರೆಗೆ ಅದೇ ಬಣ್ಣದ ಪಟ್ಟಿ. ತಲೆ ಎತ್ತಿ ನಮ್ಮನ್ನು ಒಮ್ಮೆ ನೋಡಿದವು. ಆಮೇಲೆ ಓಟ ಕಿತ್ತವು ನೋಡಿ! ಗಂಟೆಗೆ ಎಪ್ಪತ್ತು ಕಿಲೋಮೀಟರ್ ವೇಗದ ವರೆಗೂ ಓಡಬಲ್ಲವಂತೆ. ಧೂಳು ಮಾತ್ರ ಉಳಿಯಿತು.

“ಇದಕ್ಕೆ ಕತ್ತೆ ಅಂತ ಹೆಸರಿಟ್ಟವನು ಯಾರು ಭಾವ?” ಅಂದರು ನಮ್ಮ ಮಾಸ್ತರರು. ಮಂಕಿಟೋಪಿ ತೆಗೆದಿದ್ದರು.

ನಮ್ಮ ಊರುಗಳಲ್ಲಿ ಮೂಟೆ ಹೊರುವ ಕತ್ತೆಯ ಮೂಲ ಆಫ್ರಿಕಾದ್ದು. ಇದು ಏಷ್ಯಾದ ಬೇರೆಯೇ ಜಾತಿ. ಇರಾನಿನಲ್ಲಿ, ತುರ್ಕ್ಮೆನಿಸ್ತಾನದ ಕಡೆ ಇದರ ದಾಯಾದಿಗಳಿದ್ದಾವೆ, ಟಿಬೆಟ್ಟಿನ ಕಿಯಾಂಗ್ ದೂರದ ನೆಂಟ. ಆದರೆ ಈ ಭಾರತೀಯ ಕಾಡುಕತ್ತೆ ಉಳಿದಿರುವುದು ಗುಜರಾತಿನಲ್ಲಿ ಮಾತ್ರ. ಹಿಂದೆ ವಾಯವ್ಯ ಭಾರತದಿಂದ ಬಲೂಚಿಸ್ತಾನದ ತನಕ ತಿರುಗುತ್ತಿದ್ದವು. 1960ರ ಆಸುಪಾಸಿನಲ್ಲಿ ಕುದುರೆಗಳಿಗೆ ಬರುವ ರೋಗವೂ ಸರ್ರಾ ಎಂಬ ಇನ್ನೊಂದು ರೋಗವೂ ತಗುಲಿ ಸತ್ತವು. 1962ರ ಎಣಿಕೆಯಲ್ಲಿ 870, 1969ರಲ್ಲಿ ಬರೀ 362. ಆಮೇಲೆ ಸರಕಾರ ಎಚ್ಚೆತ್ತಿತು. 1972ರ ವನ್ಯಜೀವಿ ಕಾಯ್ದೆ ಬಂತು, ಸುಮಾರು 4,954 ಚದರ ಕಿಲೋಮೀಟರಿನ ಅಭಯಾರಣ್ಯ ಆಯಿತು. 2014ರಲ್ಲಿ 4,451, 2020ರಲ್ಲಿ 6,082, 2024ರಲ್ಲಿ 7,672. ಬ್ಯಾಂಕಿನವನಲ್ಲವೇ, ಅಂಕಿಗಳು ಹೀಗೆ ಏರುವುದನ್ನು ಕಂಡರೆ ಯಾರ ಖಾತೆಯಾದರೂ ಸರಿ, ಖುಷಿಯಾಗುತ್ತದೆ. ಈಗ ಅಭಯಾರಣ್ಯದ ಗಡಿ ದಾಟಿ ರೈತರ ಹೊಲಕ್ಕೂ ನುಗ್ಗುತ್ತಿವೆ, ಅದು ಬೇರೆ ತಕರಾರು.

ಮುಂದೆ ಒಂದು ನೀರಿನ ಅಂಚಿನಲ್ಲಿ ರಾಜಹಂಸಗಳು ಸಾಲಾಗಿ ನಿಂತಿದ್ದವು. ಕ್ರೌಂಚಗಳ ಹಿಂಡು ಕೂಗುತ್ತ ತಲೆಯ ಮೇಲೆ ಹಾದು ಹೋಯಿತು. ಒಂದು ನರಿ ಬಿಲದ ಬಾಯಲ್ಲಿ ಕೂತು ಬಿಸಿಲು ಕಾಯಿಸುತ್ತಿತ್ತು. ದುಡ್ಡು ಕೊಟ್ಟದ್ದಕ್ಕೆ ಮೋಸವಿಲ್ಲ ಅಂದಳು ಹೆಂಡತಿ.

ಇಲ್ಲಿಗೇ ವಾಪಸಾಗಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಡ್ರೈವರು ಕೇಳಿದ, “ಸಾಹೇಬ್, ಅಗರಿಯಾಗಳನ್ನು ನೋಡುತ್ತೀರಾ? ಪ್ರವಾಸಿಗರು ಫೋಟೋ ತೆಗೆಯುತ್ತಾರೆ.”

ಕತ್ತೆ ನೋಡಿದ ಹಾಗೆ ಮನುಷ್ಯರನ್ನು ನೋಡುವುದಾ ಅಂತ ಮನಸ್ಸಿಗೆ ಕಸಿವಿಸಿಯಾಯಿತು. ಆದರೆ ಭಾವ ಆ ಶಬ್ದ ಹಿಡಿದುಕೊಂಡರು. “ಅಗರಿಯಾ ಅಂದ್ರೆ?”

“ಅಗರ್‌ನಲ್ಲಿ ಕೆಲಸ ಮಾಡುವವರು. ಉಪ್ಪು ಮಾಡುವ ಜಾಗ, ಅಗರ್.”

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಯಾಕೆಂದರೆ ನಮ್ಮದು ಗೋಕರ್ಣದ ಹತ್ತಿರದ ಸಾಣಿಕಟ್ಟಾ ಸೀಮೆ. ಅಘನಾಶಿನಿ ಹೊಳೆ ಸಮುದ್ರ ಸೇರುವಲ್ಲಿ ಉಬ್ಬರದ ನೀರನ್ನು ಕಟ್ಟಿ ಉಪ್ಪು ತೆಗೆಯುವ ಜಾಗಕ್ಕೆ ನಾವು ಅನ್ನುವುದೂ ಆಗರ ಅಂತಲೇ. ಉಪ್ಪಿನಾಗರ. ಅದರಲ್ಲಿ ತಲೆತಲಾಂತರದಿಂದ ದುಡಿದವರು ಆಗೇರರು. ನಾನು ಸಣ್ಣವನಿದ್ದಾಗ ಆಗೇರ ಹೆಂಗಸೊಬ್ಬಳು ಬುಟ್ಟಿಯಲ್ಲಿ ಉಪ್ಪು ಹೊತ್ತು ತರುತ್ತಿದ್ದಳು. ಅಜ್ಜಿ ಅಂಗಳದಲ್ಲೇ ಅಳೆಸಿಕೊಂಡು ಭತ್ತ ಕೊಡುತ್ತಿದ್ದರು. ಅವಳು ಅಂಗಳ ದಾಟಿ ಒಳಗೆ ಬಂದದ್ದು ನನಗೆ ನೆನಪಿಲ್ಲ. ಅವಳ ಹೆಸರು ನಾನು ಕೇಳಿರಲೂ ಇಲ್ಲ. ಸಾವಿರ ಕಿಲೋಮೀಟರ್ ಆಚೆ ಅದೇ ಶಬ್ದ ಕಿವಿಗೆ ಬಿದ್ದಾಗ ಅದೆಲ್ಲ ನೆನಪಾಯಿತು.

“ಹೋಗೋಣ” ಅಂದೆ.

ದೂರದಲ್ಲಿ ಒಂದು ಗುಡಿಸಲು. ಗೋಣಿ, ಪ್ಲಾಸ್ಟಿಕ್ಕು, ಮರದ ಕೋಲು. ಪಕ್ಕದಲ್ಲಿ ಸೌರಫಲಕಗಳ ಒಂದು ಸಾಲು. ಮುಂದೆ ನೀರು ತುಂಬಿದ ಚೌಕಗಳು, ಆಕಾಶದಷ್ಟೇ ನೀಲಿ. ಗಂಡ, ಹೆಂಡತಿ, ಹದಿನಾರು ಹದಿನೇಳರ ಮಗಳು. ಗಂಡಸು ನೀರಿನಲ್ಲಿ ಮೀನಖಂಡದ ತನಕ ಇಳಿದು ಉದ್ದ ಹಿಡಿಯ ಮರದ ಹಲುಬೆಯನ್ನು ಎಳೆಯುತ್ತಿದ್ದ. ನಮ್ಮನ್ನು ಕಂಡು ಮೇಲೆ ಬಂದ. ಅವನ ಹೆಂಡತಿ ಕೇಳದೆಯೇ ಚಹಾ ಇಟ್ಟಳು. ರಕಾಬಿಯಲ್ಲಿ ಸುರಿದು ಕೊಟ್ಟಳು. ಹಾಲು ಎಲ್ಲಿಂದ ತಂದಿದ್ದಳೋ, ಕುಡಿಯುವ ನೀರೇ ಟ್ಯಾಂಕರಿನಲ್ಲಿ ಬರಬೇಕಾದ ಜಾಗದಲ್ಲಿ.

ಅವನು ಹೇಳಿದ ಕ್ರಮ ಹೀಗೆ. ಮಳೆಗಾಲ ಮುಗಿದು ನೀರು ಇಳಿದ ಕೂಡಲೇ ಸಂಸಾರ ಕಟ್ಟಿಕೊಂಡು ರಣಕ್ಕೆ ಬರುತ್ತಾರೆ. ಮುಂದಿನ ಮಳೆ ಹತ್ತಿರವಾಗುವ ತನಕ, ಎಂಟು ತಿಂಗಳು ಇಲ್ಲೇ. ಬಹುತೇಕ ಚುಂವಾಳಿಯಾ ಕೋಳಿಗಳು, ಮುಸಲ್ಮಾನ ಮಿಯಾಣಾ ಕುಟುಂಬಗಳೂ ಇವೆ. ಇಲ್ಲಿ ಸಮುದ್ರವಿಲ್ಲ. ನೆಲದ ಅಡಿಯಲ್ಲಿ ಸಮುದ್ರಕ್ಕಿಂತ ಎಷ್ಟೋ ಪಾಲು ಖಾರಾದ ನೀರಿದೆ. ಕೊಳವೆ ಇಳಿಸಿ ಅದನ್ನೆತ್ತಿ ಒಂದು ಚೌಕದಿಂದ ಇನ್ನೊಂದಕ್ಕೆ ಹರಿಸುತ್ತ ಬಿಸಿಲಿಗೆ ಗಟ್ಟಿ ಮಾಡುತ್ತಾರೆ. ಕೊನೆಯ ಚೌಕದ ತಳವನ್ನು ಮೊದಲೇ ಕಾಲಿನಿಂದ ತುಳಿದು ತುಳಿದು ಸಿಮೆಂಟಿನ ಹಾಗೆ ಮಾಡಿರಬೇಕು. ಆಮೇಲೆ ಹರಳು ಕೂಡತೊಡಗಿದರೆ ದಿನವೂ ಹಲುಬೆ ಎಳೆಯಬೇಕು. ಎಳೆಯದಿದ್ದರೆ ಹೆಪ್ಪುಗಟ್ಟಿ ಬಂಡೆಯಾಗುತ್ತದೆ. ಹೀಗೆ ಬೆಳೆಸಿದ ದಪ್ಪ ಹರಳಿಗೆ ‘ವಡಾಗರು’ ಎಂದು ಹೆಸರು. ಬೆಳೆಸಿದ ಅನ್ನುವುದು ನನ್ನ ಶಬ್ದವಲ್ಲ, ಅವರದೇ. ‘ಮೀಠಾನೀ ಖೇತಿ’ ಅನ್ನುತ್ತಾರೆ, ಉಪ್ಪಿನ ಬೇಸಾಯ.

ಅಂದಹಾಗೆ ಗುಜರಾತಿಯಲ್ಲಿ ಉಪ್ಪಿಗೆ ‘ಮೀಠು’. ಸಿಹಿ ಅನ್ನುವುದಕ್ಕೂ ಅದೇ ಶಬ್ದ. ಸೂರತ್ತಿಗೆ ಬಂದ ಹೊಸತರಲ್ಲಿ ಮನೆ ಮಾಲಕಿ ದಾಳ್ ಬಡಿಸುತ್ತ “ಮೀಠು ಜೋಯಿಯೇ?” ಅಂತ ಕೇಳುತ್ತಿದ್ದರು. ಮೊದಲೇ ಬೆಲ್ಲ ಹಾಕಿದ ದಾಳಿಗೆ ಇನ್ನೂ ಸಿಹಿಯಾ ಅಂತ ಗಾಬರಿಯಾಗಿ ದಿನಾ ಬೇಡ ಅನ್ನುತ್ತಿದ್ದೆ. ಎರಡು ವಾರ ಸಪ್ಪೆ ಉಂಡ ಮೇಲೆ ಯಾರೋ ಪುಣ್ಯಾತ್ಮರು ಅರ್ಥ ಹೇಳಿದರು.

ದೇಶದ ಉಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಗುಜರಾತಿನದು. ಅಂದರೆ ಕುಮಟಾದ ಅಂಗಡಿಯ ಪ್ಯಾಕೆಟ್ ಉಪ್ಪೂ ಹೆಚ್ಚಾಗಿ ಈ ರಾಜ್ಯದ್ದೇ. “ಟನ್ನಿಗೆ ಎಷ್ಟು ಸಿಗುತ್ತದೆ?” ಎಂದೆ. “ಮುನ್ನೂರು ರೂಪಾಯಿ ಹತ್ತಿರ. ಕೆಲವು ವರ್ಷ ಕಡಿಮೆ.” ಕಿಲೋಗೆ ಮೂವತ್ತು ಪೈಸೆ. ನಾವು ಅಂಗಡಿಯಲ್ಲಿ ಕೊಡುವುದು ಇಪ್ಪತ್ತೈದು, ಮೂವತ್ತು ರೂಪಾಯಿ. ನಡುವಿನ ದುಡ್ಡು ಎಲ್ಲಿ ಹೋಯಿತು ಎಂಬ ಲೆಕ್ಕಕ್ಕೆ ಬಿಕಾಂ ಬೇಡ. ಹಂಗಾಮಿನ ಮೊದಲು ವ್ಯಾಪಾರಿ ಮುಂಗಡ ಕೊಡುತ್ತಾನೆ, ಡೀಸೆಲ್‌ಗೆ, ರೇಷನ್ನಿಗೆ. ಉಪ್ಪಿನ ದರವನ್ನೂ ಆಗಲೇ ನಿಗದಿ ಮಾಡುತ್ತಾನೆ. ಹಂಗಾಮು ಮುಗಿದಾಗ ಲೆಕ್ಕ ಚುಕ್ತಾ ಮಾಡಿದರೆ ಕೈಯಲ್ಲಿ ಉಳಿಯುವುದು ಸ್ವಲ್ಪ. ಖರ್ಚಿನಲ್ಲಿ ದೊಡ್ಡ ಪಾಲು ಡೀಸೆಲ್ಲಿನದೇ ಆಗಿತ್ತು. ಸೌರ ಪಂಪು ಬಂದ ಮೇಲೆ ಉಸಿರು ಬಿಡುವ ಹಾಗಾಗಿದೆ ಎಂದ. ಸರಕಾರದ ಸಬ್ಸಿಡಿ ಉಂಟು. ಅದಕ್ಕೂ ಮೊದಲು ಇಳಾ ಭಟ್ಟರು ಅಹಮದಾಬಾದಿನಲ್ಲಿ 1972ರಲ್ಲಿ ಕಟ್ಟಿದ ‘ಸೇವಾ’ ಸಂಘಟನೆ ಉಪ್ಪಿನ ಕೆಲಸದ ಹೆಂಗಸರಿಗೆ ಸೌರ ಪಂಪು ಸಿಗುವ ಹಾಗೆ ಮಾಡಿತ್ತು.

ಭಾವ ತಡೆಯಲಾರದೆ ಕೇಳಿದರು, ನಾನು ಅನುವಾದಿಸಿದೆ. ಸತ್ತ ಅಗರಿಯಾನ ಪಾದ ಚಿತೆಯಲ್ಲಿ ಸುಡುವುದಿಲ್ಲ, ಉಪ್ಪು ಅಷ್ಟು ಒಳಗಿಳಿದಿರುತ್ತದೆ ಅಂತ ಓದಿದ್ದೇವೆ, ಹೌದೇ? ಹೆಂಗಸು ನಕ್ಕಳು. “ಬಂದವರೆಲ್ಲ ಅದನ್ನೇ ಕೇಳುತ್ತಾರೆ ಕಾಕಾ. ಬದುಕಿದ್ದಾಗಿನ ಪಾದ ನೋಡಿ ಅನ್ನಿ.” ಗಂಡನ ಕಾಲನ್ನು ತೋರಿಸಿದಳು. ಹಿಮ್ಮಡಿ ಒಣಗಿದ ರಣದ ನೆಲದ ಹಾಗೇ ಬಿರಿದಿತ್ತು. ಭಾವ ತಲೆ ತಗ್ಗಿಸಿದರು.

ಆಮೇಲೆ ಅವನು ಕೇಳಿದ, “ಸಾಹೇಬ್ ಏನು ಕೆಲಸ?”

ಹೇಳಲು ಒಂದು ಕ್ಷಣ ತಡವರಿಸಿದೆ. “ಬ್ಯಾಂಕು.”

“ಬ್ಯಾಂಕಾ!” ಅವನು ನಕ್ಕ. ಅದರಲ್ಲಿ ಸಿಟ್ಟೇನೂ ಇರಲಿಲ್ಲ. “ನಮ್ಮ ನೆಲಕ್ಕೆ ಕಾಗದ ಇಲ್ಲವಲ್ಲ ಸಾಹೇಬ್.”

ಈಗ ನಾನು ಹೇಳಬೇಕಾದ ಮಾತಿಗೆ ಬಂದೆ.

2011ರಲ್ಲಿ ನನ್ನನ್ನು ವಿರಮ್‌ಗಾಮ್ ಕಡೆಯ ಒಂದು ಶಾಖೆಗೆ ಆರು ತಿಂಗಳ ಮಟ್ಟಿಗೆ ಕಳಿಸಿದ್ದರು. ಸಾಲದ ಮೇಜು ನನ್ನದು. ಒಂದು ದಿನ ಮಧ್ಯಾಹ್ನ ಒಬ್ಬ ಅಗರಿಯಾ ಬಂದ. ಅವನ ಹಿಂದೆ ಇನ್ನೂ ನಾಲ್ವರು ಬಾಗಿಲಲ್ಲೇ ನಿಂತಿದ್ದರು. ಇಂಜಿನ್ನಿಗೆ ಮತ್ತು ಡೀಸೆಲ್‌ಗೆ ಅರವತ್ತು ಸಾವಿರ ಸಾಲ ಬೇಕು, ವ್ಯಾಪಾರಿಯ ಮುಂಗಡ ಬೇಡವಾಗಿದೆ ಎಂದ. ನಾನು ಕೇಳಿದೆ, “ಸಾತ್-ಬಾರ್ ಎಲ್ಲಿ?” ನಮ್ಮಲ್ಲಿ ಪಹಣಿ ಇದ್ದ ಹಾಗೆ ಇಲ್ಲಿ 7/12. ಅವನು, “ರಣಕ್ಕೆ ಎಲ್ಲಿಯ ಸಾತ್-ಬಾರ್ ಸಾಹೇಬ್? ಅದು ಸರ್ವೆ ನಂಬರ್ ಸೊನ್ನೆ” ಎಂದ. ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ತಮಾಷೆಯಲ್ಲ. ಎಂದೂ ಅಳತೆಯಾಗದ ನೆಲವೆಂದು ರಣಕ್ಕೆ ಆ ಹೆಸರೇ ಇದೆ. ಬೆಳೆ ಸಾಲ ಕೊಡೋಣವೆಂದರೆ ನಮ್ಮ ಪುಸ್ತಕದಲ್ಲಿ ಉಪ್ಪು ಬೆಳೆಯಲ್ಲ. ಕೈಗಾರಿಕೆ ಅನ್ನೋಣವೆಂದರೆ ಅವನಿಗೆ ಜಾಗದ ಹಕ್ಕುಪತ್ರವಿಲ್ಲ. ಅರ್ಜಿಯ ಮೇಲೆ “ದಾಖಲೆಗಳ ಕೊರತೆ” ಎಂದು ಬರೆದು ವಾಪಸು ಕೊಟ್ಟೆ. ಐದು ನಿಮಿಷದ ಕೆಲಸ. ಅವನು ಜಗಳ ಮಾಡಲಿಲ್ಲ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಕಿಸೆಗೆ ಹಾಕಿಕೊಂಡು ಹೋದ. ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ನಾನು ಅದನ್ನು ಮರೆತೂ ಬಿಟ್ಟಿದ್ದೆ.

ನಿಯಮದ ಪ್ರಕಾರ ನನ್ನದು ತಪ್ಪಲ್ಲ. ಹದಿನಾಲ್ಕು ವರ್ಷ ಈ ಮಾತು ಸಾಕಾಗಿತ್ತು. ಆದರೆ ಜಮೀನಿನ ಕಾಗದ ಇಲ್ಲದ ಗೇಣಿದಾರರಿಗೆಂದು ನಬಾರ್ಡ್ ಅಷ್ಟು ಹೊತ್ತಿಗಾಗಲೇ ಜಂಟಿ ಹೊಣೆಗಾರಿಕೆ ಗುಂಪಿನ ಸಾಲ ಎಂಬುದನ್ನು ತಂದಾಗಿತ್ತು. ಬೇಸಾಯ ಬಿಟ್ಟು ಬೇರೆ ದುಡಿಮೆಗೂ ಅದನ್ನು ವಿಸ್ತರಿಸಿದ್ದರು. ಐದಾರು ಜನ ಒಬ್ಬರಿಗೊಬ್ಬರು ಜಾಮೀನು ನಿಂತರೆ ಸಾಕು. ಆ ದಿನ ಬಾಗಿಲಲ್ಲಿ ನಾಲ್ವರು ನಿಂತಿದ್ದರು ಅಂತ ಹೇಳಿದೆನಲ್ಲ, ಅವನೂ ಸೇರಿ ಐದು. ಆ ಸುತ್ತೋಲೆ ನನ್ನ ಫೈಲಿನಲ್ಲೇ ಇದ್ದಿರಬೇಕು. ನಾನು ಓದಿರಲಿಲ್ಲ, ಅಥವಾ ಓದಿ ಇದು ಇವರಿಗೆ ಅನ್ವಯಿಸಬಹುದು ಅಂತ ತಲೆ ಕೆಡಿಸಿಕೊಳ್ಳಲಿಲ್ಲ. ಕೊಟ್ಟೇ ಬಿಡಲಾಗುತ್ತಿತ್ತು ಅನ್ನುವುದಿಲ್ಲ, ಮೇಲಿನವರು ಒಪ್ಪುತ್ತಿದ್ದರೋ ಇಲ್ಲವೋ. ಆದರೆ ಪ್ರಯತ್ನಿಸಬಹುದಿತ್ತು. ಇದೇ ಅಹಮದಾಬಾದಿನಲ್ಲಿ 1974ರಲ್ಲೇ, ಸಹಿ ಮಾಡಲು ಬಾರದ ಬಡ ಹೆಂಗಸರು ಸೇರಿ ತಮ್ಮದೇ ಸಹಕಾರಿ ಬ್ಯಾಂಕು ಕಟ್ಟಿಕೊಂಡಿದ್ದರು, ಸೇವಾ ಬ್ಯಾಂಕು. ಅವರಿಗೆ ಪಾಸ್‌ಬುಕ್ಕಿನ ಫೋಟೋವೇ ಗುರುತು. ದಾರಿ ಹುಡುಕುವವರಿಗೆ ಸಿಗುತ್ತದೆ.

ನಾನು ಇದನ್ನು ಆ ಗುಡಿಸಲಿನ ಮುಂದೆ ಹೇಳಲಿಲ್ಲ. ಹೇಳಬೇಕಿತ್ತೇನೋ. “ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯೇ?” ಅಂತ ಮಾತ್ರ ಕೇಳಿದೆ. ಈ ಪಟ್ಟಿಯ ವಿಷಯ ಇಲ್ಲಿಯವರಿಗೆಲ್ಲ ಗೊತ್ತು. ಅಭಯಾರಣ್ಯ ಆದ ಮೇಲೆ ಅದರೊಳಗೆ ಯಾರಿಗೆ ಏನು ಹಕ್ಕು ಎಂದು ತೀರ್ಮಾನಿಸುವ ಕೆಲಸ 1997ರಲ್ಲಿ ಶುರುವಾಯಿತು. ಗುತ್ತಿಗೆ ಕಾಗದ ಇದ್ದವರ ಹೆಸರು ಸೇರಿತು. ತಲೆಮಾರುಗಳಿಂದ ಬರೀ ಕಾಲು ಊರಿ ಉಪ್ಪು ತೆಗೆದ ಬಹಳ ಜನರದು ಬಿಟ್ಟುಹೋಯಿತು. 2023ರಲ್ಲಿ, ಪಟ್ಟಿಯಲ್ಲಿ ಇಲ್ಲದವರು ರಣಕ್ಕೆ ಇಳಿಯುವಂತಿಲ್ಲ ಎಂಬ ಮಾತು ಬಂದು ದೊಡ್ಡ ಗದ್ದಲವಾಯಿತು. ಆಮೇಲೆ ಸರಕಾರ ಸಣ್ಣ ಅಗರಿಯಾಗಳಿಗೆ ದಾರಿ ಬಿಟ್ಟಿತು.

“ನನ್ನ ಅಪ್ಪನ ಹೆಸರೂ ಇಲ್ಲ, ನನ್ನದೂ ಇಲ್ಲ” ಎಂದ. “ಈ ವರ್ಷ ಬಿಟ್ಟಿದ್ದಾರೆ. ಬರುವ ವರ್ಷದ್ದು ಬರುವ ವರ್ಷ.” ನೀರಿನ ಇನ್ನೊಂದು ತಾಪತ್ರಯವನ್ನೂ ಹೇಳಿದ. ನರ್ಮದಾ ಕಾಲುವೆಯ ಹೆಚ್ಚುವರಿ ನೀರು ಅಕಾಲದಲ್ಲಿ ರಣಕ್ಕೆ ಹರಿದು ಬಂದರೆ ಹರಳು ಕಟ್ಟಿದ ಚೌಕ ಕರಗಿ ಹೋಗುತ್ತದೆ. ಸಿಹಿನೀರಿಗೆ ಹೆದರುವ ಬೇಸಾಯ!

“ಕತ್ತೆಗಳು ನಿಮಗೆ ತೊಂದರೆ ಕೊಡುತ್ತವೆಯೇ?” ಭಾವನ ಪ್ರಶ್ನೆ.

“ಅವು ಯಾಕೆ ಕೊಡುತ್ತವೆ? ಉಪ್ಪು ತಿನ್ನುತ್ತವೆಯೇ? ರಾತ್ರಿ ಟ್ಯಾಂಕರ್ ನೀರು ಚೆಲ್ಲಿದಲ್ಲಿಗೆ ಬರುತ್ತವೆ. ಕುಡಿದು ಹೋಗುತ್ತವೆ.”

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. 362ರಿಂದ 7,672 ಆಗುವ ತನಕದ ಅಷ್ಟೂ ವರ್ಷ ಅಗರಿಯಾಗಳೂ ಇಲ್ಲೇ ಇದ್ದರು. ಅವರಿಂದ ಕತ್ತೆ ಕಡಿಮೆಯಾಗಲಿಲ್ಲ. ಹಾಗಿದ್ದ ಮೇಲೆ ಒಂದೇ ನೆಲದಲ್ಲಿ ಇರುವ ಇಬ್ಬರಲ್ಲಿ ಒಬ್ಬರನ್ನು ತಪ್ಪದೆ ಎಣಿಸಿ, ಇನ್ನೊಬ್ಬರನ್ನು ಎಣಿಸಲು ಇಷ್ಟು ಹಿಂದೆಮುಂದೆ ನೋಡುವುದು ಯಾಕೆ? ಕತ್ತೆಯ ಮೇಲೆ ನನಗೇನೂ ಸಿಟ್ಟಿಲ್ಲ. ಅದನ್ನು ಉಳಿಸಿದ್ದು ಒಳ್ಳೆಯದೇ ಆಯಿತು. ಹಾಗೆ ಎಣಿಸಲು ಬರುತ್ತದೆ ಎಂದು ತೋರಿಸಿದ್ದಾರಲ್ಲ, ಅಷ್ಟೇ ನನ್ನ ಮಾತು.

ವಾಪಸು ಬರುವಾಗ ಭಾವ ಬಹಳ ಹೊತ್ತು ಮಾತಾಡಲಿಲ್ಲ. ವಿರಮ್‌ಗಾಮ್ ಹತ್ತಿರ ಚಹಾಕ್ಕೆ ನಿಂತಾಗ ಮಾಸ್ತರಿಕೆ ಎಚ್ಚರವಾಯಿತು. “1930ರಲ್ಲಿ ಗಾಂಧೀಜಿ ಸಾಬರಮತಿಯಿಂದ ದಾಂಡಿಗೆ ಹೊರಟಾಗ ಜೊತೆಗೆ ಎಪ್ಪತ್ತೆಂಟು ಜನ. ಅದರಲ್ಲಿ ಕರ್ನಾಟಕದವನು ಒಬ್ಬನೇ, ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ. ಹತ್ತೊಂಬತ್ತೂ ತುಂಬಿರಲಿಲ್ಲ. ಏಪ್ರಿಲ್ 13ಕ್ಕೆ ನಮ್ಮ ಅಂಕೋಲೆಯಲ್ಲೂ ಉಪ್ಪಿನ ಕಾನೂನು ಮುರಿದರು. ಪ್ರತಿ ವರ್ಷ ಮಕ್ಕಳಿಗೆ ಇದನ್ನ ಕಲಿಸಿದೆ ಭಾವ. ಉಪ್ಪು ಯಾರು ಮಾಡ್ತಿದ್ರು ಅಂತ ಒಂದು ಮಗುವೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಆಗೇರರ ಮಕ್ಕಳು ಅದೇ ಕ್ಲಾಸಿನಲ್ಲಿ ಕೂತಿದ್ದರು.”

ಸೂರತ್ತಿನಲ್ಲಿದ್ದಾಗ ನಾನು ದಾಂಡಿಗೂ ಹೋಗಿ ಫೋಟೋ ತೆಗೆಸಿಕೊಂಡು ಬಂದವನು. ಏನು ಹೇಳಲಿ? ಇಬ್ಬರೂ ಸುಮ್ಮನೆ ಚಹಾ ಕುಡಿದೆವು.

ಇನ್ನು ಉಪ್ಪಿನ ವಿಷಯ. ನಾವು ಹೊರಡುವಾಗ ಆ ಹುಡುಗಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಎರಡು ಮೂರು ಕಿಲೋ ಹರಳುಪ್ಪು ತುಂಬಿ ನನ್ನ ಹೆಂಡತಿಯ ಕೈಗೆ ಕೊಟ್ಟಳು. ನಾನು ಐನೂರರ ನೋಟು ತೆಗೆದೆ. ಅವಳ ಅಪ್ಪ ಕೈ ಅಡ್ಡ ಹಿಡಿದ. “ಉಪ್ಪಿಗೆ ದುಡ್ಡಾ ಸಾಹೇಬ್? ವ್ಯಾಪಾರಿಗೆ ಕೊಟ್ಟರೆ ಇದಕ್ಕೆ ಒಂದು ರೂಪಾಯಿ.” ಒತ್ತಾಯ ಮಾಡಿದರೆ ಚಹಾದ ಬೆಲೆ ಕಟ್ಟಿದ ಹಾಗಾಗುತ್ತದೆ ಅಂತ ಹೆಂಡತಿ ಕಣ್ಣಲ್ಲೇ ಬೇಡ ಅಂದಳು. ನೋಟು ಕಿಸೆಗೆ ಹೋಯಿತು.

ನಾನೀಗ ಇರುವುದು ಸಾಲದ ಮೇಜಿನಲ್ಲಲ್ಲ. ಆದರೂ ಸೋಮವಾರ ಆಫೀಸಿಗೆ ಹೋಗಿ ಮೊದಲು ಮಾಡಿದ ಕೆಲಸ, ಗುಂಪು ಸಾಲದ ಈಗಿನ ನಿಯಮ ತೆಗೆಸಿ ಓದಿದ್ದು. ಆಮೇಲೆ ಆ ಭಾಗದ ಶಾಖೆಯಲ್ಲಿರುವ ಹುಡುಗನಿಗೆ ಫೋನು ಮಾಡಿದೆ. ಬಿಹಾರದವನು, ಇಪ್ಪತ್ತೇಳು ವರ್ಷ. ರಣ ನೋಡಿದ್ದೀಯಾ ಅಂದೆ. “ಇಲ್ಲ ಸರ್, ರಜೆ ಸಿಕ್ಕರೆ ಪಟ್ನಾಕ್ಕೆ ಹೋಗುತ್ತೇನೆ” ಅಂದ. ಒಂದು ಭಾನುವಾರ ಹೋಗಿ ಬಾ, ಕತ್ತೆ ನೋಡು, ಆಮೇಲೆ ಅಗರಿಯಾಗಳ ಹತ್ತಿರ ಚಹಾ ಕುಡಿ, ಆಮೇಲೆ ಈ ನಿಯಮ ಓದು ಅಂದೆ. ಹೋಗಿದ್ದಾನಂತೆ. ಎರಡು ಗುಂಪಿನ ಅರ್ಜಿ ಬಂದಿವೆಯಂತೆ, ಇನ್ನೂ ಮಂಜೂರಾಗಿಲ್ಲ. ನಾನು ತಿಂಗಳಿಗೊಮ್ಮೆ ಫೋನು ಮಾಡಿ ಅವನ ತಲೆ ತಿನ್ನುತ್ತಿದ್ದೇನೆ.

ಏಪ್ರಿಲ್‌ನಲ್ಲಿ ಭಾವ ಊರಿನಿಂದ ಅಪ್ಪೆಮಿಡಿ ಕಳಿಸಿದರು. ಮಿಡಿ ಕೆಡದಿರಬೇಕಾದರೆ ಹರಳುಪ್ಪೇ ಆಗಬೇಕು. ಯಾವಾಗಲೂ ಸಾಣಿಕಟ್ಟಾದ್ದೇ ತರಿಸುತ್ತಿದ್ದೆವು. ಈ ಸಲ ಹೆಂಡತಿ ರಣದ ಉಪ್ಪು ಹಾಕಿದಳು. ಭರಣಿ ಈಗ ಅಡಿಗೆಮನೆಯ ಕಟ್ಟೆಯ ಮೇಲಿದೆ. ಮಿಡಿ ಚೆನ್ನಾಗಿ ಮಾಗಿದೆ. ನಿಮ್ಮಲ್ಲಿ ಯಾರಾದರೂ ಅಹಮದಾಬಾದಿಗೆ ಬಂದರೆ ಮನೆಗೆ ಬನ್ನಿ, ಬಡಿಸುತ್ತೇವೆ. ರಣಕ್ಕೆ ಹೋಗುವುದಿದ್ದರೆ ಅಕ್ಟೋಬರ್ ನಡುವಿನಿಂದ ಜೂನ್ ನಡುವಿನ ತನಕ ಬಿಡುತ್ತಾರೆ, ಮಳೆಗಾಲದಲ್ಲಿ ಮುಚ್ಚಿರುತ್ತದೆ. ಚಳಿಗಾಲದಲ್ಲಿ ಹೋಗಿ. ಮಂಕಿಟೋಪಿ ಮರೆಯಬೇಡಿ.